ಅಜ್ಜಿಗೆ ಕಾಣಬೇಕಿದ್ದ ಮದುವೆ

ಪರದೆಯ ಮೇಲೆ 5000 ಎಂದು ಇರಬೇಕಾದ ಕಡೆ 480 ಎಂದಿತ್ತು. ಕ್ಯಾಮೆರಾದ ಚಿತ್ರವನ್ನು ನನ್ನ ಅಂಗೈಯಗಲದ ಕಂಪ್ಯೂಟರಿಗೆ ಒಯ್ಯುವ ಕ್ಯಾಪ್ಚರ್ ಕಾರ್ಡಿನ ವೇಗ ಅದು. ಆ ವೇಗದಲ್ಲಿ ಚಿತ್ರ ಎರಡು ನಿಮಿಷ ಓಡಿ ನಿಂತುಬಿಡುತ್ತಿತ್ತು. ಮರುದಿನ, ನಾವು ಬಂದಿಳಿದಿದ್ದ ಗೋಕಾಕದ ಮಂಗಲ ಕಾರ್ಯಾಲಯದಲ್ಲೇ ಅಕ್ಕನ ಮದುವೆ. ಸೊಂಟ ಮುರಿದು ಮಸಗುಪ್ಪಿಯಲ್ಲಿ ಮಲಗಿದ್ದ ಅಜ್ಜಿಗೆ ಮಲಗಿದಲ್ಲಿಗೇ ಮದುವೆಯನ್ನು ನೇರಪ್ರಸಾರದಲ್ಲಿ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ.

ಅಂದು ಬೆಳಿಗ್ಗೆ ಮನೆಯಲ್ಲಿ ನೋಡಿದಾಗ ಎಲ್ಲ ಸರಿಯಿತ್ತು. ಕೇಬಲ್ ಬದಲಿಸಿದೆ, ಪ್ರೋಗ್ರಾಂ ಮತ್ತೆ ಹಾಕಿದೆ. ಅಂಕಿ ಕದಲಲಿಲ್ಲ. ಹುಕ್ಕೇರಿಯಿಂದ ಬಂದಿದ್ದ ಕಾಕಾ ಇಣುಕಿ, “ಏನವಾ ಇಂಜಿನೀರ, ಲಗ್ನ ಮುಗಿಯೂದ್ರಾಗ ಚಾಲೂ ಆಗತೈತೋ ಇಲ್ಲೋ?” ಎಂದರು. ನನಗೆ ನಗು ಬರಲಿಲ್ಲ.

ಕೊನೆಗೆ ಟಾರ್ಚ್ ಹಿಡಿದು ನೋಡಿದೆ. ಕಾರ್ಡು ಸಿಕ್ಕಿಸುವ ಕಿಂಡಿಯೊಳಗೆ ಬಿಳಿ ಪುಡಿ.

“ಅವ್ವಾ, ಇದಕ್ಕ ವಿಭೂತಿ ಹಚ್ಚಿದಿಯೇನ?”

“ಹೊಸಾ ಸಾಮಾನ ಪೂಜಿ ಮಾಡದ ಚಾಲೂ ಮಾಡ್ತಾರೇನ?” ಎಂದಳು ಅವ್ವ.

ಅವಳು ಮೂರು ಬೆರಳಿನಿಂದ ಎಳೆದಿದ್ದ ಹಸಿ ವಿಭೂತಿ ಒಣಗಿ ಒಳಗೆ ಉದುರಿತ್ತು. ಕರೆಂಟು ತೆಗೆದು, ಮೃದುವಾದ ಬ್ರಷ್ಷಿನಿಂದ ಕಿಂಡಿಯನ್ನು ಉಜ್ಜಿ ಉಜ್ಜಿ ಸ್ವಚ್ಛ ಮಾಡಿದ ಮೇಲೆ ಅಂಕಿ 5000ಕ್ಕೆ ಏರಿ, ಚಿತ್ರ ನಿಲ್ಲದೆ ಓಡಿತು. ಆದರೂ ಒಂದು ಕಣ ಒಳಗೇ ಉಳಿದಿದ್ದರೆ ಎಂಬ ಅಂಜಿಕೆ ನನ್ನನ್ನು ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರೂ ವೇದಿಕೆಯ ಹತ್ತಿರ ಹೋದಾಗ ನಾನು ಕಂಪ್ಯೂಟರಿನ ಪಕ್ಕದಲ್ಲೇ ಕುಳಿತೆ. ಅಜ್ಜಿಗೆ ಫೋನು ಹಚ್ಚಿ, “ಕಾಣಾಕತ್ತೈತೇನ?” ಎಂದು ಮೂರನೆಯ ಸಲ ಕೇಳಿದೆ.

“ಕಾಣಾಕತ್ತೈತಿ, ನೀ ಸುಮ್ಮನಿರ, ಮಂತ್ರ ಕೇಳೂಣು,” ಎಂದಳು.

ಮಂತ್ರ ಮುಗಿದಾಗ ಫೋನು ಇಡದೆ, ಕುಳಿತಲ್ಲಿಂದಲೇ ಅಕ್ಕನ ಕಡೆ ಅಕ್ಷತೆಯ ಅಕ್ಕಿಕಾಳು ಎಸೆದೆ.