ರೇಷ್ಮೆ ಸುತ್ತಿದ ತಂತಿ

ಬೆಳಗಿನ ಐದೂವರೆ ಗಂಟೆ. ಯಳಂದೂರಿನ ಪಕ್ಕ ಹರಿಯುವ ಸುವರ್ಣಾವತಿಯ ನೀರಿಗೆ ಇಳಿಯುವುದಿರಲಿ, ನೋಡಿದರೇ ಹಲ್ಲು ಕಟಕಟ ಎನ್ನುವ ಚಳಿ. ನಾನು ದಡದ ಕಲ್ಲಿನ ಮೇಲೆ ಶಾಲು ಹೊದ್ದು ಮುದುಡಿ ಕೂತಿದ್ದೇನೆ. ನಾನು ಪತ್ರಿಕೆಗೆ ಬರೆಯಲೆಂದು ಬೆನ್ನುಹತ್ತಿ ಬಂದಿರುವ ಚೆನ್ನಯ್ಯನವರು ಮಾತ್ರ ಮೂರು ಮುಳುಗು ಹಾಕಿ ಎದ್ದು, ಮೈ ಒರೆಸಿಕೊಂಡು, ಸೈಕಲ್ಲಿನ ಕ್ಯಾರಿಯರ್ ಮೇಲಿದ್ದ ಗಂಟು ಬಿಚ್ಚಿ ಒಗೆದ ಪಂಚೆ, ಒಗೆದ ಅಂಗಿ ತೊಡುತ್ತಾರೆ. ಖಾಕಿ ಕೋಟು ಮಡಿಕೆಯಾಗಿ ಗಂಟಿನೊಳಗೆ ಹೋಗುತ್ತದೆ.

ಯಾವುದೋ ಗುಡಿಯ ಪೂಜಾರಿ ಇರಬೇಕು ಎಂದುಕೊಂಡರೆ ತಪ್ಪು. ಇವರು ವಿದ್ಯುತ್ ಬೋರ್ಡಿನ ಮೀಟರ್ ರೀಡರ್. ಗೋಡೆಯ ಮೇಲಿನ ಡಬ್ಬಿಯಲ್ಲಿ ಕಾಣುವ ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದಷ್ಟೇ ಕೆಲಸ. ಅದಕ್ಕೆ ಈ ಚಳಿಯಲ್ಲಿ ನದಿಸ್ನಾನ ಯಾಕೆ ಸ್ವಾಮಿ, ಎಂದು ಕೇಳಿದೆ.

"ಈಗ್ಲೇ ಯೋಳಿದ್ರೆ ನೀವು ನಂಬಕಿಲ್ಲ ಸಾ. ಒನ್ನೂರ್ಗೆ ಬನ್ನಿ, ನಿಮ್ ಕಣ್ಣಾರೆ ನೋಡೀರಂತೆ" ಎಂದು ನಕ್ಕು ಸೈಕಲ್ ಏರುತ್ತಾರೆ. ನಾನು ಬಾಡಿಗೆ ಸೈಕಲ್ಲಿನಲ್ಲಿ ಏದುಸಿರು ಬಿಡುತ್ತ ಅವರ ಹಿಂದೆ ಹೊನ್ನೂರಿಗೆ ಹೊರಡುತ್ತೇನೆ.

ಚೆನ್ನಯ್ಯನವರಿಗೆ ಈಗ ನಲವತ್ತನಾಲ್ಕು. ಓದಿದ್ದು ಮಿಡ್ಲ್ ಸ್ಕೂಲಿನವರೆಗೆ. ಐವತ್ತೆಂಟರಲ್ಲಿ ಈ ಸೀಮೆಗೆ ಕಂಬಗಳು ಬರತೊಡಗಿದಾಗ ಗುಂಡಿ ತೋಡುವ ಕೂಲಿಯಾಗಿ ಸೇರಿದವರು. ಅರವತ್ಮೂರರಲ್ಲಿ ಹನೂರಿನ ಕಡೆ ಮೀಟರ್ ಓದುವ ಕೆಲಸ ಸಿಕ್ಕಿತು. ಯಳಂದೂರಿಗೆ ಬಂದು ನಾಲ್ಕು ವರ್ಷ. ದಿನಕ್ಕೆ ಐವತ್ತು ಮೀಟರು, ಹನ್ನೆರಡು ಮೈಲಿ ಸೈಕಲ್ಲು, ತಿಂಗಳಿಗೆ ಸಾವಿರದ ಇನ್ನೂರು ಮನೆ. ಬಿಸಿಲೇರಿದರೆ ಜನ ಗದ್ದೆಗೆ ಹೋಗಿಬಿಡುತ್ತಾರೆ, ಬಾಗಿಲಿಗೆ ಬೀಗ. ಅದಕ್ಕೇ ಕೋಳಿ ಕೂಗುವ ಹೊತ್ತಿಗೆ ಇವರ ಕಚೇರಿ ಶುರು.

ಹೊನ್ನೂರಿನ ಮೊದಲ ಮನೆ ಸದಾಶಿವಪ್ಪನವರದು. ಜಗಲಿಯ ಗೋಡೆಯಲ್ಲಿ ಮೀಟರ್. ಚೆನ್ನಯ್ಯ ಅಂಕಿ ಬರೆದುಕೊಳ್ಳಲು ತೆಗೆದುಕೊಂಡದ್ದು ಅರ್ಧ ನಿಮಿಷ. ಆಮೇಲೆ ಅವರ ಕತ್ತು ಮೇಲಕ್ಕೆ ಹೋಯಿತು. ತಂತಿ ಎಲ್ಲಿಂದ ಬಂತು, ಎಲ್ಲಿ ನುಗ್ಗಿತು, ಎಲ್ಲಿ ಗಂಟು ಬಿತ್ತು ಎಂದು ಅವರ ಕಣ್ಣು ಮೆಲ್ಲಗೆ ಹಿಂಬಾಲಿಸುತ್ತದೆ. ಕಣ್ಣು ಹೋಗಿ ನಿಂತದ್ದು ಫ್ಯೂಸಿನ ಹತ್ತಿರ. ಕೂದಲೆಳೆಯಂಥ ತಂತಿ ಇರಬೇಕಾದ ಜಾಗದಲ್ಲಿ ಸೈಕಲ್ ಚಕ್ರದ ಕಡ್ಡಿ!

ಸದಾಶಿವಪ್ಪನವರಿಗೆ ಅದರ ಬಗ್ಗೆ ನಾಚಿಕೆಯಿಲ್ಲ, ಹೆಮ್ಮೆ. "ಮದ್ಲು ವಾರಕ್ಕೊಂದ್ ಕಿತ ಪೀಸ್ ಓಗದು ಸಾ. ಈ ಕಡ್ಡಿ ನಾನೇ ಆಕ್ದೆ. ಮೂರ್ ವಾರ ಆಯ್ತು, ಅಳ್ಳಾಡಿಲ್ಲ!"

"ಪೀಸ್ ಇರದೇ ಓಗಕ್ಕೆ ಸಿವಾ" ಎಂದರು ಚೆನ್ನಯ್ಯ. "ಅದು ಓಗ್ದಿದ್ರೆ ಮನೆ ಓಯ್ತದೆ."

ಜೇಬಿನಿಂದ ಬೆಂಕಿಪೊಟ್ಟಣ ತೆಗೆದರು. ಬೀಡಿ ಹಚ್ಚುತ್ತಾರೇನೋ ಎಂದುಕೊಂಡೆ. ಪೊಟ್ಟಣಕ್ಕೆ ಫ್ಯೂಸಿನ ತಂತಿ ಸುತ್ತಿಟ್ಟಿದ್ದರು. ಮೇನ್ ಸ್ವಿಚ್ ಆರಿಸಿ, ಕಡ್ಡಿ ಕಿತ್ತು, ಒಂದೆಳೆ ಕಟ್ಟಿ, ಕಡ್ಡಿಯನ್ನು ಸದಾಶಿವಪ್ಪನವರ ಕೈಗೇ ಕೊಟ್ಟು ಹೊರಟರು. ಇದು ಅವರ ಕೆಲಸವಲ್ಲ. ಯಾರೂ ಹೇಳಿಲ್ಲ, ಯಾರೂ ಕೇಳುವುದೂ ಇಲ್ಲ.

ಆ ಬೆಳಿಗ್ಗೆ ನಾನು ಕಂಡ ಕರಕುಶಲ ಕಲೆ ಒಂದೆರಡಲ್ಲ. ಒಬ್ಬರು ಕೊಟ್ಟಿಗೆಗೆ ದೀಪ ಎಳೆದು ತಂತಿಯನ್ನು ಹಸುವಿನ ಗೂಟಕ್ಕೇ ಬಿಗಿದಿದ್ದರು. ಇನ್ನೊಬ್ಬರು ಒಡೆದ ಸ್ವಿಚ್ಚಿನ ಬದಲು ತಂತಿಯ ಎರಡು ತುದಿ ಬಾಗಿಸಿ ಕೊಕ್ಕೆ ಮಾಡಿದ್ದರು. ದೀಪ ಬೇಕಾದರೆ ಕೊಕ್ಕೆಗೆ ಕೊಕ್ಕೆ ಸಿಕ್ಕಿಸುವುದು, ಬೇಡವಾದರೆ ಬಿಡಿಸುವುದು. ನಮ್ಮ ಜನರ ಬುದ್ಧಿಗೆ ಬರವಿಲ್ಲ. ನೇಗಿಲು ಮುರಿದರೆ ತಾವೇ ಕಟ್ಟುತ್ತಾರೆ, ಸೂರು ಸೋರಿದರೆ ತಾವೇ ಹೊದಿಸುತ್ತಾರೆ. ಕರೆಂಟು ಮಾತ್ರ ಕಟ್ಟಿದವನ ಮೇಲೇ ತಿರುಗಿ ಬೀಳುವ ಪದಾರ್ಥ ಎಂದು ಗೊತ್ತಾಗಲು ಇನ್ನೂ ಸ್ವಲ್ಪ ಕಾಲ ಬೇಕು.

ಇಷ್ಟೆಲ್ಲ ಕಂಡಾಗ ಕಚೇರಿಗೆ ಬರೆದುಕೊಟ್ಟರಾಗದೇ ಎಂದು ಕೇಳಿದೆ.

"ಬರ್ದ್‌ಕೊಟ್ರೆ ಕರೆಂಟ್ ಕಿತ್ತಾಕ್ತಾರೆ ಸಾ. ಅವ್ರು ಮಾಡೋದು ಸರೀನೇ. ಆದ್ರೆ ಬರೋ ತಿಂಗ್ಳು ನಾನು ಬಂದ್ರೆ ಬಾಗ್ಲು ತಗೀತಾರಾ? ಜಗ್ಲಿ ಮ್ಯಾಲೇ ನೋಡ್ಕಂಡ್ ಓಗಪ್ಪ ಅಂತಾರೆ. ಒಳ್ಗಡೆ ಏನ್ ಮಾಡ್ಕಂಡವ್ರೋ, ಯಾರ್ ನೋಡೋರು?"

ಸಾವಿರದ ಇನ್ನೂರು ಮನೆಗಳೊಳಗೆ ತಿಂಗಳಿಗೊಮ್ಮೆ ಕತ್ತೆತ್ತಿ ನೋಡುವವರು ಈ ಸೀಮೆಯಲ್ಲಿ ಇವರೊಬ್ಬರೇ. ಆ ಕತ್ತೆತ್ತುವ ಅಭ್ಯಾಸ ಬಂದದ್ದು ಹೇಗೆ ಎಂಬುದನ್ನು ಹುಣಸೆಮರದ ಕೆಳಗೆ ತಿಂಡಿ ಗಂಟು ಬಿಚ್ಚಿದಾಗ ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಹನೂರಿನಾಚೆ ಬಂಡಳ್ಳಿಯಲ್ಲಿ ಕೆಂಪಾಜಮ್ಮ ಎಂಬ ಹೆಂಗಸು. ಮೀಟರ್ ನೋಡಲು ಹೋದಾಗಲೆಲ್ಲ ಒಂದು ಚೊಂಬು ಮಜ್ಜಿಗೆ ತಪ್ಪಿಸಿದವಳಲ್ಲ. ಅರವತ್ತಾರರ ಬೇಸಗೆಯಲ್ಲಿ ಅವಳ ಗಂಡ ಬಟ್ಟೆ ಒಣಗಿಸಲೆಂದು ಕಬ್ಬಿಣದ ತಂತಿಯೊಂದನ್ನು ಬಿಗಿದಿದ್ದ. ಒಂದು ತುದಿ ನುಗ್ಗೆಮರಕ್ಕೆ, ಇನ್ನೊಂದು ತುದಿ ಕಂಬದಿಂದ ಮನೆಗೆ ಕರೆಂಟು ಬರುವ ಕೊಳವೆಗೆ. ಆ ಕೊಳವೆಯ ಬಾಯಲ್ಲಿ ತಂತಿಯ ಹೊದಿಕೆ ಸವೆದಿತ್ತು. ಚೆನ್ನಯ್ಯ ಅದನ್ನು ಕಂಡರು.

"ಕಂಡೆ ಸಾ. ಮಜ್ಜಿಗೆ ಕುಡೀತಾ ಕಂಡೆ. ಬರೋ ತಿಂಗ್ಳು ಯೋಳ್ಮ, ಈವತ್ತು ಒತ್ತಾಯ್ತು ಅಂದ್ಕಂಡೆ. ನಂದು ನಂಬರ್ ಬರ್ಕಳೋ ಕೆಲ್ಸ ಅಲ್ವಾ, ಅಂದ್ಕಂಡೆ."

ಮುಂದಿನ ತಿಂಗಳು ಅವರು ಹೋಗುವ ಮೊದಲೇ ಮಳೆ ಬಂದಿತ್ತು. ಒದ್ದೆ ಸೀರೆ ಹರವಲು ಹೋದ ಕೆಂಪಾಜಮ್ಮನ ಬಲಗೈ ತಂತಿಗೆ ಕಚ್ಚಿಕೊಂಡಿತು. ಜೀವ ಉಳಿಯಿತು. ಬಲಗೈಯ ನಾಲ್ಕು ಬೆರಳು ಉಳಿಯಲಿಲ್ಲ.

"ಆವಮ್ಮ ಆಸ್ಪತ್ರೆಯಿಂದ ಬಂದ್ಮೇಲೆ ಅವ್ರ ಮನೆಗ್ ಓದೆ. ಯೆಂಗ್ ಮಕ ತೋರ್ಸದು ಅಂತ ನಿಂತಿದ್ರೆ, ಆವಮ್ಮ ಎಂದಿನಂಗೇ ಮಜ್ಜಿಗೆ ತಂದ್ಲು ಸಾ. ಎಡಗೈಲಿ. 'ಎಡಗೈಲಿ ಕೊಡ್ತಾವ್ನಿ ಅಂತ ಬ್ಯಾಸರ ಮಾಡ್ಕಬ್ಯಾಡ ಕಣಪ್ಪ, ನನ್ ಕೈ ಇಂಗಾಯ್ತು' ಅಂದ್ಲು. ನಂಗೆ ಯೋಳ್ತಾವ್ಳೆ, ಬ್ಯಾಸರ ಮಾಡ್ಕಬ್ಯಾಡ ಅಂತ!"

ಇಲ್ಲಿಗೆ ಬಂದಮೇಲೂ ವರ್ಷಕ್ಕೊಮ್ಮೆ ಬಸ್ಸು ಹಿಡಿದು ಬಂಡಳ್ಳಿಗೆ ಹೋಗಿ ಬರುತ್ತಾರಂತೆ. ಆಕೆ ಈಗಲೂ ಎಡಗೈಯಲ್ಲಿ ಚೊಂಬು ಕೊಡುತ್ತಾಳೆ, ಈಗಲೂ ಅದೇ ಮಾತು ಹೇಳುತ್ತಾಳೆ. ಇವರು ಎರಡೂ ಕೈಯೊಡ್ಡಿ ತೆಗೆದುಕೊಳ್ಳುತ್ತಾರೆ. ಕೇಳಿ ನಾನು ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟೆ. ಅವರೂ ಅರ್ಧಕ್ಕೇ ಗಂಟು ಕಟ್ಟಿದರು.

ಇನ್ನು ಸ್ನಾನದ ಕಥೆ. ಕೊಳ್ಳೇಗಾಲದ ಸುತ್ತ ರೇಷ್ಮೆ ಸಾಕುವವರ ಮನೆಯಲ್ಲಿ ಹುಳುವಿನ ಕೋಣೆಗೆ ದೇವರ ಮನೆಗಿಂತ ಹೆಚ್ಚಿನ ಕಟ್ಟುಪಾಡು. ಹೊರಗಿನವರು ಒಳಗೆ ಬರಕೂಡದು. ಬೀಡಿ ಸೇದಿದವರು ಬಾಗಿಲ ಹತ್ತಿರವೂ ಸುಳಿಯಕೂಡದು, ಹೊಗೆಸೊಪ್ಪಿನ ವಾಸನೆಗೆ ಹುಳ ಸಾಯುತ್ತದೆ. ಮನೆಯವರೂ ಹೊಸಿಲಲ್ಲಿ ಕೈಕಾಲು ತೊಳೆದೇ ಒಳಗೆ ಹೋಗಬೇಕು. ಕೋಣೆ ತಂಪಾಗಿರಲೆಂದು ಸುತ್ತ ಒದ್ದೆ ಗೋಣಿ ತೂಗಿಬಿಡುತ್ತಾರೆ. ಸೊಪ್ಪು ಹಾಕಲು ದೀಪ ಬೇಕಲ್ಲ, ಹಾಗಾಗಿ ಆ ಕೋಣೆಗೆ ತಂತಿ ಎಳೆಯದ ಮನೆಯಿಲ್ಲ. ಹೆಚ್ಚಿನವರು ತಾವೇ ಎಳೆದಿದ್ದಾರೆ.

ಅದರಲ್ಲೂ ಈ ಸೀಮೆಯವರು ಮಾತ್ರ ಮಾಡಬಹುದಾದ ಒಂದು ಕೆಲಸವಿದೆ. ತಂತಿಗೆ ತಂತಿ ಸೇರಿಸಿದಲ್ಲಿ ಟೇಪಿನ ಬದಲು ರೇಷ್ಮೆಯ ಚಿಂದಿ ಸುತ್ತುತ್ತಾರೆ. ರೇಷ್ಮೆಗೆ ಮೈಲಿಗೆ ತಟ್ಟುವುದಿಲ್ಲ, ಯಾರು ಮುಟ್ಟಿದರೂ ಅದು ಮಡಿ. ಮೈಲಿಗೆಯೇ ತಟ್ಟದ ಬಟ್ಟೆಗೆ ಕರೆಂಟು ತಟ್ಟೀತೇ, ಎಂದು ತರ್ಕ. ಒಣಗಿದ ರೇಷ್ಮೆ ಕರೆಂಟನ್ನು ತಡೆಯುವುದೂ ನಿಜ. ಅರ್ಧ ಸತ್ಯ ಎಷ್ಟು ಅಪಾಯವೋ ನೋಡಿ.

ಗುರುಮಲ್ಲಪ್ಪನವರದು ಹೊನ್ನೂರಿನ ದೊಡ್ಡ ಮನೆ, ಅವರ ಹೆಂಡತಿ ಪುಟ್ಟಬಸಮ್ಮ. ಹೋದ ವಾರ ಅಲ್ಲಿ ಮೀಟರ್ ನೋಡುವಾಗ, ಹೊಸ ತಂತಿಯೊಂದು ಹುಳುವಿನ ಕೋಣೆಯ ಗವಾಕ್ಷಿಯಲ್ಲಿ ನುಗ್ಗಿದ್ದು ಚೆನ್ನಯ್ಯನವರ ಕಣ್ಣಿಗೆ ಬಿತ್ತು. ಅದಕ್ಕೆ ಬಿಳಿಯ ಚಿಂದಿ ಸುತ್ತಿತ್ತು. ಒಳಗೆ ಬಿಡಿ ಅಂದರೆ ಪುಟ್ಟಬಸಮ್ಮ ಬಿಡಲಿಲ್ಲ. ಹುಳ ಜ್ವರಕ್ಕೆ ಕೂತಿವೆ, ಅಂದರೆ ಪೊರೆ ಬಿಡುವ ಹೊತ್ತು, ಈಗ ಯಾರೂ ಬರಬಾರದು ಎಂದರು. ಹಾಗಾಗಿ ಇಂದು ಮಿಂದು ಮಡಿಯಾಗಿ ಬಂದಿದ್ದಾರೆ. ಬೀಡಿಯನ್ನಂತೂ ಇಂಥ ಕೋಣೆಗಳಿಗೆಂದೇ ಬಿಟ್ಟು ನಾಲ್ಕು ವರ್ಷವಾಯಿತು. ಎಲ್ಲ ಮನೆಯಲ್ಲೂ ಹುಳುವೇ ಕಾರಣವೇ, ಒಳಗೆ ಬಿಡದಿರಲು ಬೇರೆ ಕಾರಣವೂ ಇರಬಹುದಲ್ಲ, ಎಂದು ಮೆಲ್ಲಗೆ ಕೇಳಿದೆ. "ಇರ್ತದೆ ಸಾ. ಅದ್ಕೆಲ್ಲ ಮಕ ಊದುಸ್ಕಂಡ್ರೆ ತಂತಿ ನೋಡದ್ಯಾವಾಗ?" ಎಂದಷ್ಟೇ ಹೇಳಿದರು.

ಪುಟ್ಟಬಸಮ್ಮ ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಚೆನ್ನಯ್ಯನವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಮಿಂದಿದ್ದೀಯಾ?"

"ಒಳೇಲೇ ಮಿಂದ್ಬಂದೆ ಅವ್ವಾ. ಈ ಸಾಹೇಬ್ರೇ ಸಾಕ್ಸಿ."

ನಾನು ತಲೆಯಾಡಿಸಿದೆ. ನನ್ನನ್ನು ಮಿಂದಿದ್ದೀಯಾ ಎಂದು ಕೇಳದಿರಲಿ ಎಂದು ಮನಸ್ಸಿನಲ್ಲೇ ಹಾರೈಸಿದೆ. ಕೇಳಲಿಲ್ಲ, ಹುಳುವಿನ ಕೋಣೆಯ ಹೊಸಿಲಾಚೆಯೇ ನಿಲ್ಲಿಸಿದರು.

ಆಕೆ ಚೊಂಬಿನಿಂದ ನೀರು ಹಾಕಿದರು. ಚೆನ್ನಯ್ಯ ಕೈಕಾಲು ತೊಳೆದು, ಒಳಗೆ ಹೋಗದೆ ಅಲ್ಲೇ ನಿಂತರು.

"ಯಾಕಪ್ಪ ನಿಂತ್ಕಂಡೆ? ಬಾ."

"ಒಣಗ್ಲಿ ಅವ್ವಾ. ನೀವು ದಿನಕ್ಕೆ ಎಷ್ಟ್ ಕಿತ ಒಳಕ್ ಓಯ್ತೀರಿ?"

"ಐದ್ ಕಿತ ಸೊಪ್ಪು ಆಕ್ಬೇಕಲ್ಲಪ್ಪ."

"ಪ್ರತಿ ಕಿತಾನೂ ಇಂಗೇ ಕೈ ತೊಳ್ಕಂಡು, ಅದೇ ಒದ್ದೆ ಕೈಲಿ ಸುಚ್ಚು ಆಕ್ತೀರಾ?"

ಪುಟ್ಟಬಸಮ್ಮ ತಮ್ಮ ಕೈ ನೋಡಿಕೊಂಡರು. ಚೆನ್ನಯ್ಯ ಪಂಚೆಯ ಅಂಚಿನಲ್ಲಿ ಕೈಕಾಲು ಒರೆಸಿಕೊಂಡರು. ಒಂದು ಮರದ ಮಣೆ ಕೇಳಿ ತರಿಸಿಕೊಂಡು ಅದರ ಮೇಲೆ ನಿಂತು, ಜೇಬಿನಿಂದ ಟೆಸ್ಟರ್ ತೆಗೆದರು. ಕೋಣೆಯೊಳಗೆ ಬಾಗಿಲ ಪಕ್ಕದಲ್ಲೇ ಸ್ವಿಚ್ಚು, ಅದರ ಹತ್ತಿರವೇ ತಂತಿಯ ಗಂಟು. ಅದಕ್ಕೆ ಸುತ್ತಿದ ರೇಷ್ಮೆಯ ಚಿಂದಿ ಪಕ್ಕದ ಒದ್ದೆ ಗೋಣಿಗೆ ತಾಗಿ ತೇವ ಕುಡಿದು ಬಣ್ಣಗೆಟ್ಟಿತ್ತು. ತಾಮ್ರಕ್ಕಲ್ಲ, ಬರೀ ಬಟ್ಟೆಯ ಮೇಲೆ ಟೆಸ್ಟರಿನ ತುದಿ ಇಟ್ಟರು. ಅದರ ಹೊಟ್ಟೆಯೊಳಗಿನ ಪುಟ್ಟ ಬಲ್ಬು ಕೆಂಪಗೆ ಹೊತ್ತಿತು.

ಹೊಸಿಲಾಚೆ ನಿಂತಿದ್ದ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಪುಟ್ಟಬಸಮ್ಮ ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಂಡರು. "ರೇಸ್ಮೆಗೆ ಏನೂ ತಟ್ಟಕಿಲ್ಲ ಅಂದಿದ್ರಲ್ಲೋ ನಮ್ಮೆಜಮಾನ್ರು..."

"ಒಣಗಿರೋಗಂಟ ತಟ್ಟಕಿಲ್ಲ ಅವ್ವಾ. ನೆಂದ್ರೆ ಅದೂ ಎಲ್ಲಾ ಬಟ್ಟೆ ಇದ್ದಂಗೇಯ."

ಮಾತು ಕೇಳಿಸಿ ಗುರುಮಲ್ಲಪ್ಪನವರು ಹಿತ್ತಲಿನಿಂದ ಬಂದರು. ತಾವೇ ಎರಡು ದಿನ ಕೂತು ಎಳೆದ ತಂತಿ. ಅದನ್ನು ಮೀಟರ್ ನೋಡುವವನು ಬಂದು ಹೆಂಡತಿಯ ಮುಂದೆ ಹಳಿಯುವುದೆಂದರೇನು?

"ಮೀಟ್ರು ನೋಡೋನು ಮೀಟ್ರು ನೋಡ್ಕಂಡ್ ಓಗಯ್ಯ! ಒಂದ್ ತಿಂಗ್ಳಿಂದ ಉರೀತದೆ, ಏನಾಗದೆ ಈಗ?"

"ಏನೂ ಆಗಿಲ್ಲ ಯಜಮಾನ್ರೆ. ಆಗದೆ ಇರ್ಲಿ ಅಂತ್ಲೇ ಬಂದೆ."

"ನಾನೇನ್ ದಡ್ಡನಾ?"

ಚೆನ್ನಯ್ಯ ಟೆಸ್ಟರನ್ನು ಜೇಬಿಗಿಟ್ಟು ಮಣೆಯಿಂದ ಇಳಿದರು. ಯಜಮಾನರು ಬೇಡವೆಂದಮೇಲೆ ತಂತಿ ಮುಟ್ಟುವ ಅಧಿಕಾರ ಅವರಿಗಿಲ್ಲ. ಇನ್ನು ಕಚೇರಿಗೆ ಬರೆದುಕೊಡಬೇಕು, ಇಲ್ಲವೇ ಬಂಡಳ್ಳಿಯಲ್ಲಿ ಮಾಡಿದಂತೆ ಮುಂದಿನ ತಿಂಗಳವರೆಗೆ ಕಾಯಬೇಕು. ಕಾಯುವ ಮಾತು ಅವರಿಂದಾಗದು. ಬರೆದುಕೊಟ್ಟರೆ ಈ ಬಾಗಿಲಷ್ಟೇ ಅಲ್ಲ, ಊರಿನ ಬಾಗಿಲುಗಳೆಲ್ಲ ಮುಚ್ಚುತ್ತವೆ.

ಆಗ ಪುಟ್ಟಬಸಮ್ಮ ನಡುವೆ ಬಂದರು. ದನಿ ಏರಿಸಲಿಲ್ಲ. "ನೀವು ಎಳ್ದಿದ್ದು ಸರಿ ಕಣ್ರಿ. ನಿಮ್ಮನ್ನ ದಡ್ಡ ಅಂದೋರ್ಯಾರು? ಆದ್ರೆ ದಿನಾ ಐದ್ ಕಿತ ಒದ್ದೆ ಕೈಲಿ ಮುಟ್ಟೋಳು ನಾನು. ಚೆನ್ನಯ್ಯ, ಬಿಚ್ಚು ಅದ್ನ."

ಗುರುಮಲ್ಲಪ್ಪನವರು ಹೆಂಡತಿಯ ಮುಖ ನೋಡಿದರು, ಚಿಂದಿ ಸುತ್ತಿದ ಗಂಟು ನೋಡಿದರು. ಜಗಲಿಗೆ ಹೋಗಿ ತಾವೇ ಮೇನ್ ಸ್ವಿಚ್ ಆರಿಸಿದರು. ಚೆನ್ನಯ್ಯ ಟೆಸ್ಟರ್ ಇಟ್ಟು ಖಾತ್ರಿ ಮಾಡಿಕೊಂಡು, ಗವಾಕ್ಷಿಯಿಂದಾಚೆ ತಂತಿಯನ್ನು ಪೂರ್ತಿ ಎಳೆದು ಸುರುಳಿ ಸುತ್ತಿಟ್ಟರು. ಕೊಳ್ಳೇಗಾಲದಿಂದ ಲೈಸೆನ್ಸ್ ಇರುವ ವೈರ್‌ಮನ್ನನ್ನು ಕರೆಸುವವರೆಗೆ ಆ ಕೋಣೆಗೆ ಲಾಂದ್ರವೇ ದೀಪ. ಸ್ವಿಚ್ಚು ಇನ್ನು ಕೈ ತೊಳೆಯುವ ಜಾಗದಿಂದ ದೂರ, ನಡುಮನೆಯ ಒಣ ಗೋಡೆಯ ಮೇಲೆ ಇರಬೇಕೆಂದು ಗುರುಮಲ್ಲಪ್ಪನವರೇ ಜಾಗ ತೋರಿಸಿದರು. "ಎರಡಡಿ ಮ್ಯಾಲಿರ್ಲಿ" ಎಂದು ತಮ್ಮದೂ ಒಂದು ಸಲಹೆ ಸೇರಿಸಿದರು. ಚೆನ್ನಯ್ಯ "ಅದೇ ಸರಿ ಯಜಮಾನ್ರೆ" ಎಂದರು.

ಹೊರಡುವ ಮುನ್ನ ಪುಟ್ಟಬಸಮ್ಮ ಒಳಗಿನಿಂದ ಎರಡು ಲೋಟ ಮಜ್ಜಿಗೆ ತಂದರು. ನನ್ನದನ್ನು ನಾನು ಒಂದೇ ಗುಟುಕಿಗೆ ಮುಗಿಸಿದೆ. ಚೆನ್ನಯ್ಯ ಲೋಟಕ್ಕೆ ಕೈಯೊಡ್ಡದೆ, ಅದನ್ನು ಹಿಡಿದ ಕೈಯನ್ನೇ ನೋಡುತ್ತ ನಿಂತುಬಿಟ್ಟರು. "ತಕಳಪ್ಪ, ಉಳಿ ಇಲ್ಲ" ಎಂದು ಆಕೆ ಮತ್ತೊಮ್ಮೆ ಹೇಳಬೇಕಾಯಿತು.

ಮುಂದಿನ ಬೀದಿಗೆ ಸೈಕಲ್ ತಳ್ಳಿಕೊಂಡು ಹೋಗುವಾಗ ಕೇಳಿದೆ, ನಿಮಗೇನಾದರೂ ಆಸೆಯಿದೆಯೇ ಎಂದು. ಸಂಬಳ, ಬಡ್ತಿ, ಮೋಟಾರ್ ಸೈಕಲ್ಲು ಏನಾದರೂ ಹೇಳುತ್ತಾರೆ ಎಂದುಕೊಂಡಿದ್ದೆ.

"ಮೀಟ್ರನ್ನ ಜಗ್ಲಿ ಮ್ಯಾಲೆ ಇಡಬಾರ್ದಿತ್ತು ಸಾ. ನಡುಮನೇಲಿ ಇಟ್ಟಿದ್ರೆ ದಿನಾ ಒಳಕ್ ಓಗಕ್ಕೆ ಯಾರ್ನೂ ಕೇಳ್ಬೇಕಿರ್ನಿಲ್ಲ" ಎಂದರು.

ಸ್ವಲ್ಪ ದೂರ ನಡೆದರು. ಆಮೇಲೆ ಸೈಕಲ್ ನಿಲ್ಲಿಸಿ, ಬೆಳಗಿನಿಂದ ಮೊದಲ ಸಲ ನೇರವಾಗಿ ನನ್ನ ಮುಖ ನೋಡಿದರು.

"ನೋಡಿದ್ರಾ ಸಾ? ಬಲಗೈಲಿ ಕೊಟ್ರು."