ಸಾಲಿಗೆ ಕೀಲಿ ಹಾಕಿದ ಹದಿನೈದು ದಿನ

ಮೊನ್ನೆ ಬೆಳಿಗ್ಗೆ ಹಾಲು ತರಲು ಹೊರಟವಳಿಗೆ ನಮ್ಮ ಓಣಿಯ ತಿರುವಿನಲ್ಲೇ ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಬಡಿಯಿತು. ಬೆಳಗಾವಿಯಲ್ಲಿ ಮತ್ತೆ ಜ್ವರ ಏರಿದೆ. ಶಾಲೆಯ ಗೇಟಿನ ಮುಂದೆ ಯಾರೋ ಆ ಬಿಳಿ ಪುಡಿಯನ್ನು ರಂಗೋಲಿ ಎಳೆದಂತೆ ಉದುರಿಸಿ ಹೋಗಿದ್ದರು. ಹಾಲಿನ ಅಂಗಡಿಯ ಮುಂದೆ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡ ನಾಲ್ಕು ಜನ ದೂರ ದೂರ ನಿಂತು ಜೋರಾಗಿ ವಾದಿಸುತ್ತಿದ್ದರು. ಸಣ್ಣ ಮಕ್ಕಳ ಶಾಲೆ ಮುಚ್ಚಬೇಕೋ, ತೆರೆದಿಡಬೇಕೋ? ಒಬ್ಬರು ನನ್ನನ್ನು ಕಂಡು, "ಅಕ್ಕೋರ, ನೀವು ಸಾಲಿ ಕಲಿಸಿದವ್ರು, ನೀವ ಹೇಳ್ರಿ," ಅಂದರು. ಕೇಳದವರಿಗೂ ಉತ್ತರ ಹೇಳುವ ಚಟ ನನ್ನದು. ಮೇಷ್ಟರಿಕೆ ಬಿಟ್ಟರೂ ಅದು ಬಿಟ್ಟಿಲ್ಲ. ಆದರೂ ಅಂದು, "ಹಾಲು ಒಡೀತಾವ್ರಿ, ಬರ್ತೇನಿ," ಎಂದು ನೆಪ ಹೇಳಿ ಮನೆಗೆ ಬಂದುಬಿಟ್ಟೆ.

ಯಾಕೆಂದರೆ ಇದೇ ಪ್ರಶ್ನೆಗೆ ನಾನು ಒಮ್ಮೆ ಬಹಳ ಖಂಡಿತವಾದ ಉತ್ತರ ಕೊಟ್ಟಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಇಪ್ಪತ್ತೆರಡು. ಖಾನಾಪುರದ ಅಂಚಿನ ಒಂದು ಕನ್ನಡ ಪ್ರಾಥಮಿಕ ಶಾಲೆಯಲ್ಲಿ ನೌಕರಿ ಸಿಕ್ಕಿತ್ತು. ದಿನಾ ಬೆಳಿಗ್ಗೆ ಬೆಳಗಾವಿಯಿಂದ ಲೋಂಡಾ ಕಡೆಗೆ ಹೋಗುವ ಪ್ಯಾಸೆಂಜರ್ ಹಿಡಿಯುತ್ತಿದ್ದೆ. ಕಲ್ಲಿದ್ದಲಿನ ಗಾಡಿ ಅದು. ಇಳಿಯುವ ಹೊತ್ತಿಗೆ ಮುಖದ ಪೌಡರ್ ಅರ್ಧ ಕಪ್ಪಾಗಿರುತ್ತಿತ್ತು. ಸ್ಟೇಷನ್ನಿನ ನಳದಲ್ಲಿ ಮುಖ ತೊಳೆದು, ಬಣ್ಣದ ಕೊಡೆ ಬಿಡಿಸಿಕೊಂಡು, ದೊಡ್ಡ ಮೇಡಂ ಹಾಗೆ ನಡೆಯುತ್ತಿದ್ದೆ. ಟ್ರೇನಿಂಗ್ ಕಾಲೇಜಿನಲ್ಲಿ ಆರೋಗ್ಯ ಶಿಕ್ಷಣದಲ್ಲಿ ವರ್ಗಕ್ಕೇ ಮೊದಲು ಬಂದವಳು ನಾನು. ಈ ಮಾತನ್ನು ಆ ಕಾಲದಲ್ಲಿ ನನ್ನ ಪರಿಚಯವಾದ ಯಾರೂ ಕೇಳದೆ ಉಳಿದಿರಲಿಲ್ಲ.

ನಮ್ಮ ಶಾಲೆಯ ಮಕ್ಕಳೆಲ್ಲ ಹತ್ತಿರದ ಹಂಚಿನ ಕಾರ್ಖಾನೆಯ ಕೂಲಿಕಾರರ ಮಕ್ಕಳು. ಮನೆಯಲ್ಲಿ ಕೆಲವರದು ಕನ್ನಡ, ಕೆಲವರದು ಮರಾಠಿ, ಕೆಲವರದು ಉರ್ದು. ಜಗಳಕ್ಕೆ ಮಾತ್ರ ಮೂರೂ. ಮಧ್ಯಾಹ್ನ ಶಾಲೆಯಲ್ಲಿ ಹಳದಿ ರವೆಯ ಉಪ್ಪಿಟ್ಟು, ಪುಡಿ ಕಲಸಿದ ಹಾಲು. ಮಾಡುತ್ತಿದ್ದವಳು ಬೀಬಿಜಾನ್. ಗಂಡ ತೀರಿಕೊಂಡಿದ್ದ ದೊಡ್ಡ ದನಿಯ ಹೆಂಗಸು. ಆಕೆ ಸೌಟು ಬಡಿದರೆ ಏಳನೆಯ ವರ್ಗದವರೂ ಸಾಲಿನಲ್ಲಿ ಕೂರುತ್ತಿದ್ದರು. ನಾನು ಬೆತ್ತ ಬಡಿದರೆ ಒಂದನೆಯ ವರ್ಗದವರೂ ಕೂರುತ್ತಿರಲಿಲ್ಲ.

ಹೆಡ್ ಮಾಸ್ತರ್ ಗುರುಲಿಂಗಪ್ಪನವರು. ಹಣೆಯ ತುಂಬ ವಿಭೂತಿ, ಇಸ್ತ್ರಿ ಕಾಣದ ಬಿಳಿ ಅಂಗಿ, ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮನುಷ್ಯ. ಶಾಲೆಯ ಗಂಟೆ ಅಂದರೆ ಮರಕ್ಕೆ ತೂಗುಬಿಟ್ಟ ರೈಲು ಹಳಿಯ ತುಂಡು. ಅದನ್ನು ಬೇರೆ ಯಾರಿಗೂ ಬಾರಿಸಲು ಕೊಡುತ್ತಿರಲಿಲ್ಲ. ತಮ್ಮ ಶಾಲೆ ಒಂದು ದಿನವೂ ಸುಮ್ಮನೆ ಮುಚ್ಚಿಲ್ಲ ಎಂಬುದು ಅವರ ಹೆಮ್ಮೆ.

ಮೂರನೆಯ ವರ್ಗ ನನ್ನದು. ಅದರಲ್ಲಿ ಫಕೀರವ್ವ ಅಂತ ಎಂಟು ವರ್ಷದ ಹುಡುಗಿ. ಅವಳ ತಾಯಿ ಯಲ್ಲವ್ವ ದಿನವಿಡೀ ಹಂಚಿನ ಭಟ್ಟಿಯಲ್ಲಿ. ಹೀಗಾಗಿ ಎರಡೂವರೆ ವರ್ಷದ ತಂಗಿ ನಾಗಿಯನ್ನು ಫಕೀರವ್ವ ಟೊಂಕದ ಮೇಲೆ ಹೊತ್ತುಕೊಂಡೇ ಶಾಲೆಗೆ ಬರುತ್ತಿದ್ದಳು. ಇದು ನಿಯಮವಲ್ಲ ಎಂದು ನಾನು ಮೊದಲ ವಾರವೇ ದೂರು ಕೊಟ್ಟೆ. ಗುರುಲಿಂಗಪ್ಪನವರು, "ಕೂಸು ಹೊರಗ ಹಾಕಿದ್ರ ಅಕ್ಕಾನೂ ಹೊರಗ ಹೋಗ್ತಾಳ್ರಿ. ಇರ್ಲಿ," ಅಂದರು. ನಾಗಿ ಇದ್ದಳು. ಪಾಠದ ನಡುವೆ ಎದ್ದು ಬಂದು ನನ್ನ ಸೀರೆಯ ನಿರಿಗೆ ಹಿಡಿದು ನಿಲ್ಲುತ್ತಿದ್ದಳು. ಬೋರ್ಡಿನ ಕಡೆ ನಾನು ತಿರುಗಿದರೆ ತಾನೂ ತಿರುಗುತ್ತಿದ್ದಳು. ದೂರು ಕೊಟ್ಟ ನಾನೇ ಒಂದು ತಿಂಗಳಲ್ಲಿ ಅವಳಿಗಾಗಿ ಬೆಳಗಾವಿಯಿಂದ ಬಿಸ್ಕೀಟು ತರತೊಡಗಿದ್ದೆ.

ಹೋಳಿ ಮುಗಿದ ಮೇಲೆ ದಡಾರ ಬಂತು. ನಮ್ಮ ಕಡೆ ಅದಕ್ಕೆ ಗೊಬ್ಬರ ಅನ್ನುತ್ತಾರೆ. ಮೊದಲು ಇಬ್ಬರು ಮಕ್ಕಳು, ಆಮೇಲೆ ಆರು, ಆಮೇಲೆ ನನ್ನ ವರ್ಗದ ನಲವತ್ತರಲ್ಲಿ ಬಂದವರೇ ಹದಿನೇಳು. ಬಂದವರಲ್ಲೂ ಕೆಲವರ ಕಣ್ಣು ಕೆಂಪು, ಮೂಗಿನಲ್ಲಿ ನೀರು. ನಾನು ಪುಸ್ತಕ ಹಿಡಿದುಕೊಂಡು ಹೆಡ್ ಮಾಸ್ತರ ಮುಂದೆ ನಿಂತೆ.

"ಸರ್, ಸಾಲಿ ಮುಚ್ಚಬೇಕ್ರಿ. ಒಬ್ಬರಿಂದ ಒಬ್ಬರಿಗೆ ಗಾಳಿಯಿಂದನ ಹತ್ತತೈತಿ. ನಾಗಿಯಂಥಾ ಕೂಸುಗಳೂ ಇಲ್ಲೇ ಕುಂದರ್ತಾವ."

ಅವರು ನನ್ನ ಕೈಯ ಪುಸ್ತಕ ತೆಗೆದುಕೊಂಡು ಒಂದೆರಡು ಪುಟ ತಿರುವಿದರು. ಆಮೇಲೆ, "ನಾನು ಸಣ್ಣಾವಿದ್ದಾಗ ಪ್ಲೇಗ್ ಬಂದಿತ್ರಿ ಅಕ್ಕೋರ. ನಮ್ಮೂರ ಸಾಲಿ ಎಂಟು ತಿಂಗಳ ಮುಚ್ಚಿದ್ರು. ತೆರೆದಾಗ ನಮ್ಮ ವರ್ಗದಾಗ ಅರ್ಧ ಮಂದಿ ಇರಲಿಲ್ಲ," ಅಂದರು.

"ತೀರಿಕೊಂಡಿದ್ರಾ?"

"ಇಲ್ರಿ. ದನಾ ಕಾಯಾಕ ಹೋಗಿದ್ರು. ಮತ್ತ ಬರಲೇ ಇಲ್ಲ."

ನಾನು ಪುಸ್ತಕ ವಾಪಸು ತೆಗೆದುಕೊಂಡು ಹೊರಗೆ ಬಂದೆ. ಆದರೂ ಸೋಲುವುದು ನನ್ನ ಸ್ವಭಾವವಲ್ಲ. ಮರುದಿನ ತಾಲೂಕು ದವಾಖಾನೆಯ ಡಾಕ್ಟರರನ್ನು ಕಂಡು, ಮುಚ್ಚುವುದು ಒಳ್ಳೆಯದು ಎಂಬ ಮಾತು ಅವರಿಂದ ಪಡೆದೆ. ಮೇಲಿನ ಕಚೇರಿಗೆ ಕಳಿಸುವ ಅರ್ಜಿಯನ್ನೂ ನಾನೇ ದುಂಡಗೆ ಬರೆದು ಮೇಜಿನ ಮೇಲಿಟ್ಟೆ. ಗುರುಲಿಂಗಪ್ಪನವರು ಎರಡು ಸಲ ಓದಿದರು. ಆಮೇಲೆ ಬೇರೆ ಹಾಳೆ ತೆಗೆದು, ಅದನ್ನೇ ಅಕ್ಷರಕ್ಕೆ ಅಕ್ಷರ ತಮ್ಮ ಕೈಯಿಂದ ಬರೆದು, ಸಹಿ ಮಾಡಿ, ಮೊಹರು ಒತ್ತಿ, ನನ್ನದನ್ನು ಹರಿದು ಬುಟ್ಟಿಗೆ ಹಾಕಿದರು.

ನನಗೆ ಸಿಟ್ಟು ಬಂತು. "ಯಾಕ್ರಿ ಸರ್, ನನ್ನ ಅಕ್ಷರ ಚಲೋ ಇಲ್ಲೇನ್ರಿ?"

"ಭಾಳ ಚಲೋ ಅದಾವು. ನನ್ನ ಶಿಕ್ಕಾ ಹೊಡ್ಯಾಕ ನನ್ನ ಅಕ್ಷರ ಬೇಕಲ್ರಿ," ಅಂದರು.

ಮುದುಕರ ಜಂಬ ಅಂದುಕೊಂಡೆ. ಹದಿನೈದು ದಿನ ಶಾಲೆ ಮುಚ್ಚಲು ಒಪ್ಪಿಗೆ ಬಂತು. ಗೆದ್ದ ಖುಷಿಯಲ್ಲಿ ನಾನು ಬೆಳಗಾವಿಗೆ ಬಂದೆ. ಎಂಟು ದಿನ ಮನೆಯಲ್ಲಿ ಕಾದಂಬರಿ ಓದಿದೆ, ಎರಡು ದಿಂಬಿಗೆ ಕಸೂತಿ ಹಾಕಿದೆ, ಬೆಳಿಗ್ಗೆ ತಡವಾಗಿ ಎದ್ದೆ. ನನ್ನ ಮಕ್ಕಳನ್ನು ರೋಗದಿಂದ ಕಾಪಾಡಿದೆ ಎಂದು ಬಂದವರಿಗೆಲ್ಲ ಹೇಳಿದೆ.

ಒಂಬತ್ತನೆಯ ದಿನ ಖಾನಾಪುರಕ್ಕೆ ಹೋದೆ. ಮಕ್ಕಳನ್ನು ನೋಡಲು ಹೋದೆ ಎಂದು ಬರೆಯಲು ಆಸೆಯಾಗುತ್ತದೆ. ಆದರೆ ಹೋದದ್ದು ಕೊಡೆಗಾಗಿ. ಅದನ್ನು ಶಾಲೆಯ ಕಪಾಟಿನಲ್ಲಿ ಮರೆತಿದ್ದೆ, ಬಿಸಿಲು ಹೆಚ್ಚಿತ್ತು.

ಶಾಲೆಯ ಪಡಸಾಲೆಯಲ್ಲಿ ಬೀಬಿಜಾನ್ ಕುಳಿತಿದ್ದಳು. ಅವಳ ಸುತ್ತ ಏಳೆಂಟು ಮಕ್ಕಳು, ಕೈಯಲ್ಲಿ ಖಾಲಿ ಅಲ್ಯುಮಿನಿಯಂ ತಾಟು. ಯಾರೂ ಗದ್ದಲ ಮಾಡುತ್ತಿರಲಿಲ್ಲ. ಮಕ್ಕಳು ಗದ್ದಲ ಮಾಡದೆ ಕೂತಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ದಿನಾ ಬರ್ತಾವ್ರಿ," ಅಂದಳು ಬೀಬಿಜಾನ್. "ಇಲ್ಲ ಅಂದ್ರೂ ಬರ್ತಾವ. ಮನ್ಯಾಗಿಂದು ಒಂದಿಷ್ಟು ರೊಟ್ಟಿ ಚೂರು ಕೊಡ್ತೀನಿ, ಎಷ್ಟು ಮಂದಿಗೆ ಆಗತೈತಿ? ಸಾಲಿಗೆ ಕೀಲಿ ಹಾಕಿದ್ರಿ ಅಕ್ಕಾ, ಹೊಟ್ಟಿಗೆ ಹ್ಯಾಂಗ ಹಾಕೂದು?"

ಶಾಲೆ ಮುಚ್ಚಿದ ದಿನ ಒಲೆ ಹಚ್ಚುವಂತಿಲ್ಲ ಎಂಬುದು ನಿಯಮ. ಅರ್ಜಿ ಬರೆಯುವಾಗ ನನಗೆ ಅದು ಗೊತ್ತಿತ್ತು. ಗೊತ್ತಿತ್ತು, ಅಷ್ಟೇ, ಅದರ ಬಗ್ಗೆ ಯೋಚಿಸಿರಲಿಲ್ಲ.

ಅಷ್ಟರಲ್ಲಿ ಗುರುಲಿಂಗಪ್ಪನವರು ಬೆವರು ಒರೆಸಿಕೊಳ್ಳುತ್ತ ಬಂದರು. ಆ ಎಂಟೂ ದಿನ ಅವರು ಕಾರ್ಖಾನೆಯ ಗುಡಿಸಲುಗಳಿಗೆ ಹೋಗಿ ಜ್ವರ ಬಂದ ಮಕ್ಕಳನ್ನು ನೋಡಿ ಬರುತ್ತಿದ್ದರಂತೆ. "ಫಕೀರವ್ವನ ಗುಡಿಸಲ ಎರಡು ದಿನದಿಂದ ಮುಚ್ಚೈತಿ. ಅವ್ವ ಕೆಲಸಕ್ಕ ಹೋಗಿರಬೇಕು. ಹೆಣ್ಮಗಳು ಯಾರರೆ ಕೂಗಿದ್ರ ಬಾಗಲಾ ತೆರದಾಳು. ಬರ್ತೀರೇನ್ರಿ?" ಎಂದು ನನ್ನನ್ನು ಕೇಳಿದರು.

ಫಕೀರವ್ವ ನನ್ನ ದನಿಗೆ ಬಾಗಿಲು ತೆರೆದಳು. ಒಳಗೆ ಕತ್ತಲು. ಮೂಲೆಯಲ್ಲಿ ನಾಗಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮೈಮೇಲಿನ ಗುಳ್ಳೆ ಬಾಡಿದ್ದವು, ಆದರೆ ಮಗು ಅರ್ಧವಾಗಿತ್ತು.

"ಬೆಳಕಿಗಿ ಕಣ್ಣು ತೆರಿಯೂದಿಲ್ರಿ," ಅಂದಳು ಫಕೀರವ್ವ. "ಪಥ್ಯ ಅಂತ ಅವ್ವ ಬರೇ ಚಾ ಕುಡಿಸು ಅಂದಾಳ. ನಾನು ಕುಡಿಸೇನ್ರಿ ಅಕ್ಕೋರ. ಚೆಲ್ಲಿಲ್ರಿ."

ಎಂಟು ವರ್ಷದ ಹುಡುಗಿ ಲೆಕ್ಕದ ತಪ್ಪಿಗೆ ಹೆದರಿ ನಿಂತ ಹಾಗೆ ನನ್ನ ಮುಂದೆ ನಿಂತಿದ್ದಳು. ನಾನು ಅವಳ ತಲೆಯ ಮೇಲೆ ಕೈ ಇಟ್ಟೆ. ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ. ಗುರುಲಿಂಗಪ್ಪನವರು ಧೋತರದ ಕಚ್ಚೆ ಬಿಗಿದು, ನಾಗಿಯನ್ನು ಟವೆಲ್ಲಿನಲ್ಲಿ ಸುತ್ತಿ, ಹೆಗಲಿಗೆ ಹಾಕಿಕೊಂಡು ದವಾಖಾನೆಯ ಕಡೆ ಓಡುನಡಿಗೆಯಲ್ಲಿ ಹೊರಟರು. ನಾವಿಬ್ಬರೂ ಹಿಂದೆ.

ಬಲಗಣ್ಣು ಉಳಿಯಿತು. ಎಡಗಣ್ಣಿನಲ್ಲಿ ಹೂ ಬಿತ್ತು. ಕರಿಗುಡ್ಡೆಯ ಮೇಲೆ ಬೆಳ್ಳಗೆ ಕವಿದುಕೊಳ್ಳುವುದಕ್ಕೆ ನಮ್ಮ ಜನ ಅಷ್ಟು ಚಂದದ ಹೆಸರು ಇಟ್ಟಿದ್ದಾರೆ.

ಬೇನೆ ಯಾವಾಗ ಹತ್ತಿರಬೇಕು ಎಂದು ನಾನು ಡಾಕ್ಟರರನ್ನು ಕೇಳಿದೆ. ಅವರು ದಿನ ಎಣಿಸಿ, ಶಾಲೆ ನಡೆಯುತ್ತಿದ್ದಾಗಲೇ ಹತ್ತಿದೆ, ಅಂದರು. ನನ್ನ ಎದೆ ಒಂದಿಷ್ಟು ಹಗುರಾಯಿತು. ಹಾಗಾದರೆ ನಾನು ಹೇಳಿದ್ದು ಸರಿ, ಇನ್ನೂ ಮೊದಲೇ ಮುಚ್ಚಬೇಕಿತ್ತು! ಅವರು ಕೈ ತೊಳೆಯುತ್ತ ಮಾತು ಮುಂದುವರಿಸಿದರು: "ಆದರ ಕಣ್ಣು ಹೋಗೂದು ಬರೇ ಗೊಬ್ಬರದಿಂದ ಅಲ್ರಿ. ಹೊಟ್ಟಿಗಿಲ್ಲದ ಕೂಸಿಗೆ ಗೊಬ್ಬರ ಬಂದ್ರ ಹೋಗತಾವ. ಈ ವಾರ ಹಾಲು-ಗೀಲು ಹೋಗಿದ್ರ ಉಳೀತಿತ್ತೋ ಏನೋ."

ಬೇನೆ ಹತ್ತಿದ್ದು ಶಾಲೆ ತೆರೆದಿದ್ದಾಗ. ಕಣ್ಣು ಹೋದದ್ದು ಮುಚ್ಚಿದ್ದಾಗ. ಆ ದಿನದಿಂದ ಇವತ್ತಿನವರೆಗೆ ಈ ಎರಡು ವಾಕ್ಯಗಳನ್ನು ನಾನು ಎಷ್ಟು ಸಲ ತಿರುವಿ ಹಾಕಿದ್ದೇನೋ. ಯಾವ ಕಡೆಯಿಂದ ಓದಿದರೂ ನಾಗಿ ನನ್ನ ಸೀರೆಯ ನಿರಿಗೆ ಹಿಡಿದು ನಿಂತಿರುತ್ತಾಳೆ.

ದವಾಖಾನೆಯಿಂದ ಬಂದವರೇ ಗುರುಲಿಂಗಪ್ಪನವರು ಅಡುಗೆ ಕೋಣೆಯ ಬೀಗ ತೆಗೆದರು. "ಒಲಿ ಹಚ್ಚು ಬೀಬಿಜಾನ್. ಯಾರರೆ ಕೇಳಿದ್ರ ನನ್ನ ಹೆಸರು ಹೇಳು," ಅಂದರು. ನಾಗಿಯ ಮಾತೊಂದು ಬಿಟ್ಟರೆ, ನಿಯಮ ಅಂದರೆ ದೇವರು ಎನ್ನುತ್ತಿದ್ದ ಮನುಷ್ಯ ಅವರು. ಮಿಕ್ಕ ಆರು ದಿನ ನಾವು ಮೂವರೂ ಬಕೀಟಿನಲ್ಲಿ ಉಪ್ಪಿಟ್ಟು, ಕೊಡದಲ್ಲಿ ಹಾಲು ಹೊತ್ತು ಗುಡಿಸಲಿಂದ ಗುಡಿಸಲಿಗೆ ತಿರುಗಿದೆವು. ಮಕ್ಕಳನ್ನು ಒಂದೆಡೆ ಸೇರಿಸಲಿಲ್ಲ. ಬಾಗಿಲಲ್ಲೇ ಬಡಿಸಿ, ಬಾಗಿಲಲ್ಲೇ ಮಗ್ಗಿ ಕೇಳಿ ಮುಂದಿನ ಮನೆಗೆ. ಬಕೀಟು ಹೊತ್ತು ನನ್ನ ಅಂಗೈ ಬೊಬ್ಬೆ ಎದ್ದಿತು. ಬೀಬಿಜಾನ್ ಅದಕ್ಕೆ ಬೆಣ್ಣೆ ಹಚ್ಚಿ, "ಕಸೂತಿ ಕೈರಿ ಇದು," ಎಂದು ನಕ್ಕಳು.

ಶಾಲೆ ತೆರೆದ ದಿನ ಯಲ್ಲವ್ವ ಬಂದಳು. ಜೊತೆಗೆ ಭಟ್ಟಿಯ ನಾಲ್ಕೈದು ಹೆಂಗಸರು. ನಾನು ವರ್ಗದ ಒಳಗೆ ಬೋರ್ಡಿನ ಹತ್ತಿರ ಇದ್ದೆ.

"ಯಾರ್ರೀ ಸಾಲಿ ಮುಚ್ಚಿಸಿದವ್ರು?" ಎಂದು ಆಕೆ ಅಂಗಳದಲ್ಲಿ ನಿಂತು ಕೂಗಿದಳು. "ಸಾಲ್ಯಾಗ ಇದ್ರ ನನ್ನ ಮಗಳು ನಾಕು ತುತ್ತು ತಿಂತಿದ್ಲು. ಯಾರು ಮುಚ್ಚಿಸಿದ್ರು ಹೇಳ್ರಿ!"

ಹೊರಗೆ ಗುರುಲಿಂಗಪ್ಪನವರ ದನಿ ಕೇಳಿಸಿತು. "ನಾನ ತಾಯಿ. ನನ್ನ ಕೈಯಾರೆ ಬರದೇನಿ. ಕಾಗದ ತೋರಸ್ತೀನಿ ಬಾ."

ಅವರು ನನ್ನ ಅರ್ಜಿ ಹರಿದದ್ದು ಯಾಕೆ ಎಂದು ನನಗೆ ಆಗ ತಿಳಿಯಿತು. ಹೊರಗೆ ಹೋಗಿ ಒಂದು ಮಾತು ಹೇಳಬಹುದಿತ್ತು. ಹತ್ತು ಹೆಜ್ಜೆಯ ದಾರಿ. ನಾನು ಹೋಗಲಿಲ್ಲ. ಯಲ್ಲವ್ವ ಬೈದಳು, ಅತ್ತಳು. ಅವರು ತಲೆ ತಗ್ಗಿಸಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು.

ಸಂಜೆ ಅವರ ಮುಂದೆ ಹೋಗಿ ನಿಂತೆ. ಅವರೇ ಹೇಳಿದರು, "ನಿಮಗಿನ್ನೂ ಮೂವತ್ತು ವರ್ಷ ಈ ಮಂದಿ ನಡುವ ಕಲಿಸೂದೈತಿ. ನನಗ ಎರಡ ವರ್ಷ. ಸುಮ್ನ ಇರ್ರಿ ಅಕ್ಕೋರ."

ಅವರು ನಿವೃತ್ತರಾಗಿ ಹೋದ ವಾರ ನಾನು ಯಲ್ಲವ್ವನ ಗುಡಿಸಲಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಆಕೆ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಗೊತ್ತಿತ್ರಿ ಅಕ್ಕೋರ. ಬೀಬಿಜಾನ್ ಅವತ್ತ ಹೇಳಿದ್ಲು. ನೀವು ಬರ್ತೀರಿ ಅಂತ ದಾರಿ ನೋಡಿದೆ." ಒಂದು ರೊಟ್ಟಿ ತಿರುವಿ ಹಾಕಿ, "ಬರಾಕ ಎರಡು ವರ್ಷ ಹಚ್ಚಿದ್ರಿ. ಕುಂದರ್ರಿ, ಬಿಸಿ ಐತಿ, ಉಣ್ರಿ," ಅಂದಳು.

ನಾಗಿ ಏಳನೆಯ ವರ್ಗದ ತನಕ ನನ್ನ ಕೈಯಲ್ಲೇ ಓದಿದಳು. ಮುಂದೆ ಪಾರಿಶ್ವಾಡಕ್ಕೆ ಮದುವೆಯಾಗಿ ಹೋದಳು. ನನ್ನನ್ನು ಕಂಡರೆ ಈಗಲೂ ತಲೆಯನ್ನು ಒಂದಿಷ್ಟು ಎಡಕ್ಕೆ ತಿರುಗಿಸಿ, ಬಲಗಣ್ಣಿನಿಂದ ಪೂರ್ತಿ ನೋಡಿ ನಗುತ್ತಾಳೆ.

ಇಷ್ಟನ್ನು ಬರೆದು ಮುಗಿಸುವಷ್ಟರಲ್ಲಿ ಇವತ್ತು ಮಧ್ಯಾಹ್ನ ನಮ್ಮ ಓಣಿಯ ಶಾಲೆಯ ಹೆಡ್ ಮಿಸ್ ಬಂದಿದ್ದಳು. ಇನ್ನೂ ಮೂವತ್ತೈದು ದಾಟದ ಹೆಣ್ಣುಮಗಳು. ಆ ಶಾಲೆಯ ಸಮಿತಿಯಲ್ಲಿ ಹಳೆಯ ಶಿಕ್ಷಕಿ ಎಂದು ನನ್ನ ಹೆಸರನ್ನೂ ಸೇರಿಸಿದ್ದಾರೆ. ಬಾಗಿಲ ಹೊರಗೇ ನಿಂತು, "ಮುಚ್ಚಿದ್ರ ಒಬ್ರು ಬೈತಾರ, ತೆರೆದ್ರ ಇನ್ನೊಬ್ರು ಬೈತಾರ್ರಿ. ಮ್ಯಾಲಿನ ಕಚೇರಿಗೆ ನಾ ಏನು ಬರೀಲಿ?" ಅಂದಳು. ಅವಳ ಕಣ್ಣು ತುಂಬಿದ್ದವು.

ಈ ಸಲ ನಾನು ನೆಪ ಹೇಳಲಿಲ್ಲ. "ವರ್ಗ ಮುಚ್ಚೂಣು. ಊಟ ಮಾತ್ರ ಒಂದು ದಿನಾನೂ ತಪ್ಪೂದು ಬ್ಯಾಡ," ಎಂದು ಹಾಳೆ ತೆಗೆದು ನಾನೇ ಬರೆದೆ. ನನ್ನ ಅಕ್ಷರ ಈಗ ದುಂಡಗಿಲ್ಲ, ನಡುಗುತ್ತದೆ. ಮೊದಲ ಸಹಿ ನನ್ನದು ಹಾಕಿದೆ. "ಯಾರರೆ ಬೈಯ್ಯಾಕ ಬಂದ್ರ ನನ್ನ ಮನಿ ತೋರಸ್ರಿ. ಮತ್ತ ಹಗಲಹೊತ್ತು ಮನ್ಯಾಗ ಯಾರೂ ಇಲ್ಲದ ಮಕ್ಕಳ ಹೆಸರು ಬರಕೊಂಡು ಬರ್ರಿ. ನಾಳೆ ಹೋಗೂಣು."

"ಈ ವಯಸ್ಸಿನ್ಯಾಗ ನೀವು ಹೊರಗ ಬರಬಾರದಲ್ರಿ ಅಕ್ಕೋರ?"

"ಯಾರ ಮನಿ ಒಳಗೂ ಹೋಗೂದಿಲ್ಲವ್ವಾ. ಬಾಗಲದಾಗ ನಿಂತು ಉಂಡ್ರೋ ಇಲ್ಲೋ ಅಂತ ಕೇಳ್ತೇನಿ," ಅಂದೆ.