ಕೆರೆಗೆ ಬಶಿ ಬಿಡುವ ಕರೆಮ್ಮ

"ನಿನ್ನ ಕುರಿ ತಿರುಗಿ ಇದೇ ಕೆರಿ ನೀರು ಕುಡಿಯಂಗ ಮಾಡ್ತೀನಿ ಬೇ. ಬೀರಪ್ಪನ ಮ್ಯಾಲ ಆಣಿ."

೧೯೭೯ರ ಬೇಸಿಗೆಯಲ್ಲಿ ಕರೆಮ್ಮ ತಮ್ಮ ಮೈದುನನ ಹೆಂಡತಿ ಅಮರಮ್ಮನಿಗೆ ಕೊಟ್ಟ ಮಾತಿದು. ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ಲಿಗೆ ಎರಡು ಮೈಲಿ ದೂರದಲ್ಲಿರುವ ಕುರುಬರ ಹಟ್ಟಿಯ ಕೆರೆ ಅದು. ದಂಡೆಯ ಮೇಲೆ ಅಮರಮ್ಮನ ಹನ್ನೊಂದು ಕುರಿಗಳು ಕಾಲು ಚಾಚಿ ಸತ್ತು ಬಿದ್ದಿದ್ದವು. "ಆಗ್ಲಿ ಯಕ್ಕಾ, ನಾನೂ ಇಲ್ಲೇ ಇರ್ತೀನಲ್ಲ, ನೋಡ್ತೀನಿ" ಎಂದಿದ್ದರು ಅಮರಮ್ಮ. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಖಾರವಿತ್ತು.

ಈಗ ೧೯೮೬ರ ಮೇ ತಿಂಗಳು. ಬೆಳಗಿನ ಐದೂವರೆ. ಜಾಲಿ ಮರದ ಹಿಂದೆ ಆಕಾಶ ಕೆಂಪಾಗುವ ಹೊತ್ತಿಗೆ ಕರೆಮ್ಮ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕೆರೆಯ ಕಲ್ಲುಗಳ ಮೇಲಿಂದ ಇಳಿಯುತ್ತಾರೆ. ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಬಿಳಿ ಬಣ್ಣದ ತಗಡಿನ ಬಶಿ, ಚಹಾ ಸುರಿದು ಕುಡಿಯುವ ತಟ್ಟೆ. ಬಶಿಗೆ ಮೂರು ತೂತು, ಕೆಳಗೊಂದು ಕಲ್ಲು. ನೀರು ಸೊಂಟಮಟ್ಟ ಬರುವಲ್ಲಿ ನಿಂತು ಮೆಲ್ಲಗೆ ಬಶಿ ಬಿಡುತ್ತಾರೆ. ಹಗ್ಗಕ್ಕೆ ಗೇಣಿಗೊಂದರಂತೆ ಕೆಂಪು ಬಟ್ಟೆಯ ಚೂರು ಕಟ್ಟಿದೆ. ಒಂದು ಗೇಣು ಇಳಿಯಿತು, ಎರಡು ಇಳಿಯಿತು, ಮೂರು, ನಾಲ್ಕು. ಬಶಿ ಇನ್ನೂ ಹುಣ್ಣಿಮೆ ಚಂದ್ರನ ಹಾಗೆ ಕಾಣುತ್ತಲೇ ಇದೆ.

"ಇಂಥದ್ದೇ ಒಂದಿನ ನಾಕು ಬೆರಳು ಇಳ್ಸೂದ್ರಾಗ ಬಶಿ ಮಾಯ ಆಗಿತ್ರಿ. ಕೆರಿ ಅನ್ನೂದು ಪಲ್ಲೇದ ರಸ ಆಗಿತ್ತು" ಎಂದು ನಗುತ್ತಾರೆ. ದಂಡೆಗೆ ಬಂದು ಕೂತು, ತಾವೇ ನೂತ ಬಿಳಿ ಉಣ್ಣೆಯ ಎಳೆಗೆ ಒಂದು ಗಂಟು ಹಾಕುತ್ತಾರೆ. ಎರಡು ಗೇಣಿನ ಕೆಳಗೂ ಬಶಿ ಕಂಡ ದಿನ ಬಿಳಿ ಎಳೆಗೆ ಗಂಟು. ಕಾಣದ ದಿನ ಕರಿ ಎಳೆಗೆ. ಓದು ಬರಹ ಬಾರದ ಕರೆಮ್ಮನ ದಿನಚರಿ ಇಷ್ಟೇ. ತಿಂಗಳಿಗೊಂದು ಜೋಡಿಯಂತೆ ಐದು ವರ್ಷದ ಎಳೆಗಳು ಮನೆಯ ಜಂತಿಗೆ ತೂಗಾಡುತ್ತವೆ. ಮೊದಲ ವರ್ಷದ್ದು ನೋಡಿದರೆ ಕರಿ ಎಳೆಯ ತುಂಬ ಗಂಟು, ಬಿಳಿಯದು ಬೋಳು. ಈ ವರ್ಷದ್ದು ತಿರುವುಮುರುವು.

ಕಾಲುವೆ ಬಂದು ಸುತ್ತಲ ಜೋಳದ ಹೊಲಗಳು ಭತ್ತದ ಗದ್ದೆಗಳಾದ ಮೇಲೆ ಈ ಕೆರೆಗೆ ಹೊಸ ಬಣ್ಣ ಬಂತು. ಬೇಸಿಗೆಯಲ್ಲಿ ನೀರು ಇಳಿದು ಬೆಚ್ಚಗಾದಾಗ ಮೇಲೆ ಹಸಿರು ಕೆನೆ ಕಟ್ಟುತ್ತಿತ್ತು. ಹಟ್ಟಿಯ ಹೆಂಗಸರಿಗೆ ಹೆದರಿಕೆಯಾಗಲಿಲ್ಲ, ಹಿಗ್ಗಾಯಿತು. ಗಂಗವ್ವ ಹಸಿರು ಸೀರೆ ಉಟ್ಟಿದ್ದಾಳೆ ಎಂದುಕೊಂಡರು. ಮುತ್ತೈದೆ ಹಸಿರುಟ್ಟು ಬಂದರೆ ಸುಮ್ಮನೆ ಬಿಡಲಾದೀತೆ? ಕುಪ್ಪಸದ ಬಟ್ಟೆ, ಹಸಿರು ಬಳೆ, ಕೊಬ್ಬರಿ ಬಟ್ಟಲು ಇಟ್ಟು ಕೆರೆಗೆ ಉಡಿ ತುಂಬಿದರು. ಹಾಗೆ ಉಡಿ ತುಂಬಿದ ಮರುದಿನ ಯಾರ ಮಂದೆ ಮೊದಲು ನೀರು ಕುಡಿಯುತ್ತದೋ ಆ ಮನೆಗೆ ಒಳ್ಳೆಯದು ಎಂಬ ನಂಬಿಕೆ ಇಲ್ಲಿಯದು.

೧೯೭೯ರ ಆ ದಿನ ಅಮರಮ್ಮ ದೇವದುರ್ಗದ ತವರಿಗೆ ಹೋಗಿದ್ದರು. ಅವರ ಕುರಿಗಳೂ ಕರೆಮ್ಮನ ಕೈಯಲ್ಲೇ ಇದ್ದವು. ಮೊದಲ ನೀರಿನ ಪುಣ್ಯ ತಂಗಿಯಂಥವಳಿಗೇ ಸಿಗಲಿ ಎಂದು ಕರೆಮ್ಮ ತಮ್ಮ ಮಂದೆಯನ್ನು ತಡೆದು ಅಮರಮ್ಮನ ಕುರಿಗಳನ್ನು ಮುಂದೆ ಬಿಟ್ಟರು. ಹೊತ್ತು ನೆತ್ತಿಗೇರುವಷ್ಟರಲ್ಲಿ ಕುರಿಗಳು ನಡುಗಿ ಬೀಳತೊಡಗಿದವು. ಸುದ್ದಿ ತಿಳಿದು ಅಮರಮ್ಮ ತವರಿನಿಂದ ಓಡಿ ಬರುವಷ್ಟರಲ್ಲಿ ಹನ್ನೊಂದು ಸತ್ತಿದ್ದವು.

"ಪ್ರೀತೀಲೆ ಮಾಡಿದ್ದು ಹಿಂಗಾತು. ಬೈದಿದ್ರ ತಡಕೋತಿದ್ದೆ. ಆಕಿ ಬೈಲಿಲ್ಲ, ಬರೇ ತನ್ನ ಕುರಿ ಬ್ಯಾರೆ ಹೊಡಕೊಂಡು ಹೋದ್ಲು" ಎನ್ನುವಾಗ ಮಾತ್ರ ಕರೆಮ್ಮನ ನಗು ಕುಂದುತ್ತದೆ. ಅಂದಿನಿಂದ ಅಮರಮ್ಮ ಕಾಲುವೆಯಲ್ಲಿ ನೀರಿದ್ದಾಗ ಎರಡು ಮೈಲಿ ನಡೆದು ಅಲ್ಲಿಗೇ ಹೋಗುತ್ತಿದ್ದರು. ಬೇಸಿಗೆಯಲ್ಲಿ ಕಾಲುವೆ ಬಂದಾದರೆ ಬಾವಿಯಿಂದ ಒಂದೊಂದೇ ಕೊಡ ಸೇದಿ ಮಂದೆಗೆಲ್ಲ ಕುಡಿಸುತ್ತಿದ್ದರು. ಕೆರೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಮಾತು ಕೊಟ್ಟರೂ ಮಾಡುವುದೇನೆಂದು ಕರೆಮ್ಮನಿಗೆ ಗೊತ್ತಿರಲಿಲ್ಲ. ಎರಡು ವರ್ಷ ಹಾಗೇ ಕಳೆಯಿತು. ಒಂದು ದಿನ ಪ್ಯಾಂಟು ತೊಟ್ಟವರೊಬ್ಬರು ಕೆರೆಗೆ ಬಾಗಿ ಬಾಟಲಿ ತುಂಬುತ್ತಿದ್ದುದು ಕಂಡಿತು.

"ಏ ಯಪ್ಪಾ, ಕುಡೀಬ್ಯಾಡ, ಸಾಯ್ತಿ!"

"ಕುಡ್ಯಾಕಲ್ಲಬೇ ಯವ್ವಾ, ನೋಡಾಕ."

"ನೋಡಾಕ ಬಾಟ್ಲಿ ಯಾಕ ಬೇಕು? ಕಣ್ಣಿಲ್ಲೇನು?"

ಅವರು ರಾಯಚೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವ ತಾಯಣ್ಣ. ದೇವದುರ್ಗದ ಕೂಲಿಕಾರರ ಮನೆಯವರು, ಆ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಕರೆಮ್ಮನನ್ನು ಬಸ್ಸು ಹತ್ತಿಸಿ ರಾಯಚೂರಿಗೆ ಕರೆದೊಯ್ದು, ಸೂಕ್ಷ್ಮದರ್ಶಕದಲ್ಲಿ ಅದೇ ಕೆರೆಯ ಒಂದು ಹನಿ ತೋರಿಸಿದರು. ಕರೆಮ್ಮ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. "ಹಸರು ಮಣಿ ಪೋಣಿಸಿದಂಗ ಅದಾವಲ್ರೀ ಮಾಸ್ತರ! ಇಷ್ಟು ಚೆಂದಂದು ಕುರಿ ಕೊಲ್ತದೇನ್ರಿ?" ಎಂದರು.

ಕೊಲ್ಲುತ್ತದೆ ಎಂದರು ತಾಯಣ್ಣ. ಅದು ಪಾಚಿಯ ಒಂದು ಜಾತಿ, ಗೊಬ್ಬರದ ನೀರು ಕುಡಿದು ಕೊಬ್ಬುತ್ತದೆ. ಆ ಗೊಬ್ಬರ ಎಲ್ಲಿಂದ, ಯಾವಾಗ ಬರುತ್ತದೆಂದು ದಿನವೂ ನೋಡುವವರು ಬೇಕು, ತಾವು ಬರುವುದು ಹದಿನೈದು ದಿನಕ್ಕೊಮ್ಮೆ ಮಾತ್ರ. "ಬಿಳಿ ತಟ್ಟಿ ಇಳಿಸಿ, ಎಷ್ಟು ಆಳಕ್ಕ ಕಾಣಂಗಿಲ್ಲ ಅಂತ ನೋಡಿದ್ರ ಸಾಕು" ಎಂದರು. ಕರೆಮ್ಮ ಬಸ್ಸು ಇಳಿದವರೇ ಸತ್ತಾರ್ ಸಾಬ್ ಅವರ ಚಹಾ ಹೋಟೆಲಿಗೆ ಹೋಗಿ ಒಂದು ಬಶಿ ಕೇಳಿದರು. ತೂತು ಹಾಕಲು ಎಂದಾಗ ಸಾಬರು ಹಣೆ ಬಡಿದುಕೊಂಡರು. ಬಡಿದುಕೊಂಡು ತಾವೇ ಮೊಳೆ ತಂದು ತೂತು ಹೊಡೆದು ಕೊಟ್ಟರು.

ಕೆರೆಗೆ ಗೊಬ್ಬರ ಸೇರಿಸುವ ಮೊದಲ ಕಳ್ಳಿ ಸಿಕ್ಕಿದ್ದು ಕರೆಮ್ಮನ ಮನೆಯಲ್ಲೇ. ಗದ್ದೆಯವರು ಬಿಸಾಕಿದ ಯೂರಿಯಾ ಚೀಲಗಳನ್ನು ಹಟ್ಟಿಯ ಹೆಂಗಸರು ತಂದು, ಕೆರೆಯಲ್ಲಿ ಜಾಲಿಸಿ, ಹೊಲಿದು ಗುಡಿಸಲಿಗೆ ಹೊದಿಸುತ್ತಿದ್ದರು. ಚೀಲ ತೊಳೆದ ನಾಲ್ಕೈದು ದಿನಕ್ಕೆ ಬಶಿ ಬೇಗ ಮಾಯವಾಗುತ್ತಿತ್ತು. "ಹೆಚ್ಚು ಚೀಲ ತೊಳದಾಕಿ ನಾನ ನೋಡ್ರಿ! ನಮ್ಮ ಗುಡಿಸ್ಲಿಗಿ ಒಂಬತ್ತು ಹೊದಿಸಿದ್ದೆ" ಎಂದು ಕರೆಮ್ಮ ಹೊಟ್ಟೆ ಹಿಡಿದು ನಗುತ್ತಾರೆ. ಚೀಲ ತೊಳೆಯುವುದು ಅವತ್ತೇ ನಿಂತಿತು.

ಎರಡನೆಯ ಕಾರಣ ದೊಡ್ಡದು. ದೊಡ್ಡಪ್ಪ ಎಂಬ ರೈತರ ಗದ್ದೆಯ ಹೆಚ್ಚುವರಿ ನೀರು ನೇರ ಕೆರೆಗೇ ಬೀಳುತ್ತಿತ್ತು. ಬೇರೆ ಕಡೆ ತಿರುಗಿಸಿರೆಂದು ಕೇಳಿದಾಗ ಅವರು, "ನಿನ್ನ ಕುರಿ ಸಲುವಾಗಿ ನಾನು ಗದ್ದಿ ಬದು ಒಡೀಲೇನು? ಹೋಗಬೇ" ಎಂದು ಗದರಿ ಕಳಿಸಿದರು.

ಇಲ್ಲಿ ಕೊಯ್ಲಾದ ಮೇಲೆ ಕುರಿಮಂದೆಯನ್ನು ಹೊಲದಲ್ಲಿ ತರುಬುವ ರೂಢಿ ಇದೆ. ಇರುಳೆಲ್ಲ ಅಲ್ಲೇ ಮಲಗುವ ಕುರಿಗಳ ಹಿಕ್ಕೆ, ಗಂಜಲದಿಂದ ನೆಲ ಹದವಾಗುತ್ತದೆ. ರೈತರು ಮೊದಲೇ ಬಂದು ಸರದಿ ಕೇಳುತ್ತಾರೆ. ಆ ವರ್ಷ ಕರೆಮ್ಮ ಹಟ್ಟಿಯವರನ್ನೆಲ್ಲ ಒಂದು ಮಾತಿಗೆ ತಂದರು: ಯಾರ ಗದ್ದೆ ನೀರು ಕೆರೆಗೆ ಬರುವುದಿಲ್ಲವೋ ಅವರ ಹೊಲಕ್ಕೇ ಮೊದಲು ಮಂದೆ. ಸುತ್ತಲ ಹೊಲಗಳಲ್ಲೆಲ್ಲ ಕುರಿಗಳು ಮಲಗಿದವು. ದೊಡ್ಡಪ್ಪನವರ ಹೊಲದಲ್ಲಿ ಒಂದು ಮರಿಯೂ ಮಲಗಲಿಲ್ಲ. ಎರಡನೆಯ ವರ್ಷ ಅವರೇ ಗುದ್ದಲಿ ಹಿಡಿದು ಬಂದರು. ಈಗ ಅವರ ಗದ್ದೆಯ ನೀರು ಹಟ್ಟಿಯವರು ತೋಡಿದ ಸಣ್ಣ ಕಾಲುವೆಯಲ್ಲಿ ಸುತ್ತಿ, ಆಪು ಹುಲ್ಲು ಬೆಳೆದ ತಗ್ಗಿನಲ್ಲಿ ಇಂಗುತ್ತದೆ. "ಎಂಥೆಂಥವ್ರಿಗೆ ಸೋಲದವ ನಾನು, ಕುರಿ ಹಿಕ್ಕಿಗೆ ಸೋತೆ. ಈಗ ಯೂರಿಯಾನೂ ಅರ್ಧ ಸಾಕಾಗ್ತದ" ಎಂದು ದೊಡ್ಡಪ್ಪ ಮೀಸೆಯಡಿ ನಗುತ್ತಾರೆ.

ಉಳಿದ ಪಾಚಿಯನ್ನು ಹೆಂಗಸರು ಹಳೆ ಸೀರೆ ಹಿಡಿದು ಬಳಿದು ತೆಗೆದರು. ಮೊದಲ ಸಲ ತೆಗೆದದ್ದನ್ನು ದಂಡೆಯ ಮೇಲೇ ರಾಶಿ ಹಾಕಿದ್ದರಿಂದ ಒಂದೇ ಮಳೆಗೆ ಎಲ್ಲ ವಾಪಸು ಕೆರೆಗಿಳಿದು, ಮೈಯೆಲ್ಲ ತುರಿಸಿಕೊಂಡದ್ದಷ್ಟೇ ಲಾಭವಾಯಿತು. ಮುಂದಿನ ವರ್ಷದಿಂದ ದೂರದ ತಿಪ್ಪೆಗೆ ಹೊತ್ತರು. "ಗಂಗವ್ವನ ಸೀರಿ ಬಿಚ್ಚಾಕ ನಮ್ಮ ಸೀರಿ ಹರಕೊಂಡ್ವಿ" ಎಂಬುದು ಹಟ್ಟಿಯ ಚೇಷ್ಟೆಯ ಮಾತು.

ಹೋದ ವರ್ಷದಿಂದ ಕರೆಮ್ಮನ ಮಂದೆ ಇಲ್ಲೇ ನೀರು ಕುಡಿಯುತ್ತಿದೆ. ಅಮರಮ್ಮ ಒಪ್ಪಲಿಲ್ಲ. "ನಿನ್ನ ಕುರಿಗೇನಾಗ್ತದ ಯಕ್ಕಾ, ನಿನ್ನಂಗ ಗಟ್ಟಿ ಪಿಂಡ ಅವು" ಎಂದುಬಿಟ್ಟರು. ಕರೆಮ್ಮ ದಿನವೂ ಬಶಿ ಇಳಿಸಿ ಗಂಟು ಹಾಕುತ್ತ ಹೋದರು. ಈ ಮೇ ತಿಂಗಳ ಇಪ್ಪತ್ತು ದಿನ ಕರಿ ಎಳೆಗೆ ಒಂದೂ ಗಂಟು ಬೀಳಲಿಲ್ಲ. ತಾಯಣ್ಣ ಬಂದು ಬಾಟಲಿ ಒಯ್ದು ನೋಡಿ, ಹಸಿರು ಮಣಿ ಹುಡುಕಿದರೂ ಸಿಗಲಿಲ್ಲ ಎಂದು ಹೇಳಿ ಕಳಿಸಿದರು. ಏನು ಬೇಕು ಎಂದು ಕೇಳಿದವರಿಗೆ ಕರೆಮ್ಮ, "ಹಗ್ಗ ಸಾಲವಲ್ದ್ರಿ, ಇನ್ನೆರಡು ಗೇಣು ಉದ್ದಂದು ಬೇಕು" ಎನ್ನುತ್ತಾರೆ.

ಕಳೆದ ಬುಧವಾರ ಬೆಳಿಗ್ಗೆ ಅಮರಮ್ಮ ತಮ್ಮ ಮಂದೆಯನ್ನು ಹೊಡೆದುಕೊಂಡು ಕೆರೆಯ ದಂಡೆಗೆ ಬಂದರು.

"ಬಾವಿ ಹಗ್ಗ ಹರದದ. ಅದಕ್ಕ ಬಂದೀನಿ, ನಿನ್ನ ಸಲುವಾಗಿ ಅಲ್ಲ."

"ನಿನ್ನೆ ನೋಡಿದಾಗ ಗಟ್ಟಿನೇ ಇತ್ತಲ್ಲ ಬೇ?"

"ಇವತ್ತು ಹರೀತು. ಏನೀಗ?"

ಕರೆಮ್ಮ ಪಕ್ಕಕ್ಕೆ ಸರಿದರು. ಮೊದಲು ಅಮರಮ್ಮನೇ ಬೊಗಸೆಯಲ್ಲಿ ನೀರೆತ್ತಿ ಮೂಸಿ ನೋಡಿದರು. ಆಮೇಲೆ ದಾರಿ ಬಿಟ್ಟರು. ಸಂಜೆಯವರೆಗೂ ಇಬ್ಬರೂ ಜಾಲಿ ಮರದ ಕೆಳಗೆ ಕೂತು, ಒಬ್ಬರ ಮುಖ ಒಬ್ಬರು ನೋಡದೆ, ಉಣ್ಣೆ ನೂಲುತ್ತ ಕುರಿಗಳನ್ನೇ ನೋಡಿದರು. ಯಾವುದೂ ನಡುಗಲಿಲ್ಲ, ಯಾವುದೂ ಬೀಳಲಿಲ್ಲ.

ಅಮರಮ್ಮನ ನಲವತ್ತೆರಡು ಕುರಿಗಳು ಅಂದು ಆ ಕೆರೆಯ ನೀರು ಕುಡಿದವು. ಮರುದಿನವೂ ಕುಡಿದವು. ಕರೆಮ್ಮ ಕೊಟ್ಟ ಮಾತು ನಡೆಯಿತು.